ವಾರ್ಷಿಕೋತ್ಸವದ ಬೂದಿ ಪೊಟ್ಟಣ

ನನಗಾದ ಅವಮಾನಗಳನ್ನು ಮರೆಯುವ ಅಭ್ಯಾಸ ನನಗಿಲ್ಲ. ಇದನ್ನು ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಓದಿದ ಮೂರು ವರ್ಷಗಳಲ್ಲಿ ಯಾರು, ಯಾವ ಬೆಂಚಿನ ಪಕ್ಕದಲ್ಲಿ ನಿಂತು, ಯಾರೆಲ್ಲ ಕೇಳಿಸಿಕೊಳ್ಳುತ್ತಿದ್ದಾಗ ನನಗೆ ಏನೆಂದರು ಎಂಬುದನ್ನು ಈ ವಯಸ್ಸಿನಲ್ಲೂ ತಪ್ಪಿಲ್ಲದೆ ಹೇಳಬಲ್ಲೆ. ಪೇಟೆಯ ವಕೀಲರೊಬ್ಬರು ನನಗೆ ನಿಘಂಟನ್ನು ಎರವಲು ಕೊಡುವಾಗ ಕೈಗೆ ಕೊಡದೆ ಜಗುಲಿಯ ಅಂಚಿನಲ್ಲಿಟ್ಟು ಒಳಗೆ ಹೋದರು. ಎರಡು ವರ್ಷ ಪ್ರತಿದಿನ ಬೆಳಗ್ಗೆ ಶಾಲೆಯ ಸುದ್ದಿ ಹಲಗೆಯನ್ನು ಬರೆದವನು ನಾನು. ವಾರ್ಷಿಕ ವರದಿಯಲ್ಲಿ ಜಮಖಾನ ಕೊಟ್ಟವರಿಗೂ, ಬಾಳೆಕಂಬ ತಂದವರಿಗೂ ವಂದನೆ ಹೇಳಿದ ಮುಖ್ಯೋಪಾಧ್ಯಾಯರು ನನ್ನ ಹೆಸರೆತ್ತಲಿಲ್ಲ. ಇಂಥವು ಬಹಳ ಇವೆ. ಸಮಯ ಬಂದಾಗ ಒಂದೊಂದನ್ನೂ ಬರೆದಿದ್ದೇನೆ. ಕೆಲವರು ಓದಿ ಮುನಿಸಿಕೊಂಡದ್ದೂ ಉಂಟು.

ಆದರೆ ಇಷ್ಟು ವರ್ಷ ಬರೆಯದೆ ಬಿಟ್ಟ ಅವಮಾನವೊಂದಿದೆ. ಅದು ನನಗಾದದ್ದಲ್ಲ, ನಾನು ಮಾಡಿದ್ದು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನು ಹೈಸ್ಕೂಲಿನ ಕಡೆಯ ತರಗತಿಯಲ್ಲಿದ್ದೆ. ನಮ್ಮದು ನೇಯ್ಗೆಯ ಮನೆ. ನಡುಮನೆಯಲ್ಲಿ ಎರಡು ಗುಂಡಿಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಣ್ಣ. ನಮ್ಮ ಮನೆಯಿಂದ ನಾಲ್ಕನೆಯ ಮನೆಯ ಹುಡುಗಿಯೊಬ್ಬಳು ನನ್ನದೇ ತರಗತಿಯಲ್ಲಿ ಓದುತ್ತಿದ್ದಳು. ನಮ್ಮ ಬೀದಿಯಿಂದ ಹೈಸ್ಕೂಲಿಗೆ ಹೋದ ಹೆಣ್ಣುಮಗಳು ಅವಳೊಬ್ಬಳೇ. ಇಡೀ ತರಗತಿಗೂ ಅವಳೊಬ್ಬಳೇ. ಬೆಂಚುಗಳ ಮೇಲೆ ನಾವು ಹುಡುಗರು ಕೂತರೆ, ಬಾಗಿಲ ಬಳಿ ಮೇಷ್ಟರ ಮೇಜಿಗೆ ತಾಗಿದ ಒಂದು ಕುರ್ಚಿ ಅವಳದು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಸಭೆಯಲ್ಲಿ ಕೂಗಿ ಹೇಳಿದ್ದೇ ಸಾಕು.

ಅವಳ ತಂದೆ ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದು ಒಂದು ಮಾತಿನ ಮೇಲೆ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಅವರದು ಒಟ್ಟು ಕುಟುಂಬ; ಅವಳ ಚಿಕ್ಕಪ್ಪನಿಗೆ ಹುಡುಗಿ ಓದುವುದು ಇಷ್ಟವಿರಲಿಲ್ಲ. ಅವಳ ಹೆಸರು ನಾಲ್ಕು ಜನರ ಬಾಯಲ್ಲಿ ಬಂದ ದಿನ ಶಾಲೆ ಬಿಡಿಸುವುದೆಂದು ಅಣ್ಣತಮ್ಮಂದಿರ ನಡುವೆ ಒಪ್ಪಂದವಾಗಿತ್ತು. ಮೂರು ವರ್ಷ ಅವಳು ಬೀದಿಯ ಅಂಚಿನಲ್ಲಿ ನಡೆದು ಹೋಗಿ, ಅಂಚಿನಲ್ಲೇ ನಡೆದು ಬಂದಳು. ಹೆಸರು ಯಾರ ಬಾಯಿಗೂ ಬರಲಿಲ್ಲ. ಪಬ್ಲಿಕ್ ಪರೀಕ್ಷೆಗೆ ಕಟ್ಟಿದ್ದಳು. ಇನ್ನೊಂದು ತಿಂಗಳು ಕಳೆದಿದ್ದರೆ ನಮ್ಮ ಬೀದಿಯಲ್ಲಿ ಎಸ್.ಎಸ್.ಎಲ್.ಸಿ. ಬರೆದ ಮೊದಲ ಹೆಣ್ಣಾಗುತ್ತಿದ್ದಳು.

ಅವಳು ಶಾಲೆಗೆ ಬರುವ ಮುಂಚೆ ಒಂದು ಕೆಲಸ ಮುಗಿಸಿ ಬರುತ್ತಿದ್ದಳು. ಮಗ್ಗದ ಮೇಲಿನ ಉದ್ದ ಎಳೆಗಳ ಹಾಸು ನೇಯ್ದು ಮುಗಿದಾಗ ಹೊಸ ಹಾಸನ್ನು ಅದಕ್ಕೆ ಜೋಡಿಸಬೇಕು. ಹಳೆಯ ಎಳೆಯ ತುದಿ, ಹೊಸ ಎಳೆಯ ತುದಿ, ಎರಡನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊಸೆಯಬೇಕು. ಹೀಗೆ ಸಾವಿರಾರು ಎಳೆ. ಇದಕ್ಕೆ ನಮ್ಮಲ್ಲಿ ಅಚ್ಚು ಕೆಚ್ಚುವುದು ಎನ್ನುತ್ತಾರೆ. ರೇಷ್ಮೆ ಎಳೆ ಜಾರುತ್ತದೆ. ಬೆರಳಿಗೆ ಹಿಡಿತ ಸಿಗಲೆಂದು ಪಕ್ಕದಲ್ಲಿ ಒಂದು ಬಟ್ಟಲು ಬೂದಿ ಇಟ್ಟುಕೊಂಡು ಆಗಾಗ ಬೆರಳಿಗೆ ಸವರಿಕೊಳ್ಳುತ್ತಾರೆ. ಒಲೆಯ ಬೂದಿಯೇ, ಆದರೆ ಬಟ್ಟೆಯಲ್ಲಿ ಸೋಸಿ ನಯ ಮಾಡಿದ್ದು. ಅವಳ ಕೈ ಈ ಕೆಲಸದಲ್ಲಿ ಎಷ್ಟು ಚುರುಕೆಂದರೆ ಬೇರೆ ಮನೆಯವರೂ ಕರೆಯುತ್ತಿದ್ದರು. ಎದುರಿನ ಗೋಡೆಗೆ ಪುಸ್ತಕ ಒರಗಿಸಿಟ್ಟುಕೊಂಡು ಒಂದೊಂದು ಎಳೆ ಹೊಸೆಯುವಾಗಲೂ ಪಾಠದ ಒಂದೊಂದು ಸಾಲು ಬಾಯಿಪಾಠ ಮಾಡುತ್ತಿದ್ದಳಂತೆ. ಎಷ್ಟು ತೊಳೆದರೂ ಆ ಬೂದಿ ಹೆಬ್ಬೆರಳಿನ ಗೆರೆಗಳಲ್ಲಿ ಉಳಿದುಬಿಡುತ್ತಿತ್ತು. ಅವಳ ನೋಟುಪುಸ್ತಕಗಳ ಅಂಚಿನಲ್ಲೆಲ್ಲ ಬೂದುಬಣ್ಣದ ಬೆರಳಚ್ಚು ಇರುತ್ತಿತ್ತು.

ನನ್ನ ನೋಟುಪುಸ್ತಕಗಳಲ್ಲಿ ಒಂದು ಕಲೆಯೂ ಇರಲಿಲ್ಲ. ಇದು ಜಂಬವಲ್ಲ, ಸಂಗತಿ. ನನ್ನ ಅಕ್ಷರಕ್ಕಾಗಿಯೇ ನನಗೆ ಸುದ್ದಿ ಹಲಗೆಯ ಕೆಲಸ ಕೊಟ್ಟಿದ್ದರು.

ಆ ವರ್ಷದ ಕನ್ನಡ ಪ್ರಬಂಧ ಸ್ಪರ್ಧೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂತು, ನನಗೆ ಎರಡನೆಯದು. ಅದನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ನಮ್ಮ ಕನ್ನಡ ಪಂಡಿತರು ಎರಡು ಪ್ರಬಂಧಗಳನ್ನೂ ಎರಡು ಕೈಗಳಲ್ಲಿ ಹಿಡಿದು ತರಗತಿಗೆ ತೋರಿಸಿದರು. ಪಂಡಿತರು ಒಳ್ಳೆಯವರು; ಆದರೆ ಮಾತು ಅಳೆದು ಆಡುವವರಲ್ಲ. "ಇವನದು ಮುತ್ತು ಪೋಣಿಸಿದ ಹಾಗಿದೆ ಕಣ್ರಯ್ಯ. ಓದಿದ್ರೆ ಒಳಗೆ ದಾರ ಇಲ್ಲ," ಎಂದರು. ಆಮೇಲೆ ಅವಳದನ್ನು ಎತ್ತಿ, "ಈ ಬೂದಿ ಬೆರಳಿಗಿರೋ ಶ್ರದ್ಧೆ ನಿನ್ನ ಆ ಚೊಕ್ಕಟ ಕೈಗಿಲ್ಲವಲ್ಲಯ್ಯ," ಎಂದರು. ತರಗತಿ ನಕ್ಕಿತು. ನಿಘಂಟು ಕೊಟ್ಟ ಆ ವಕೀಲರ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ನಗಲಿಲ್ಲ, ತಲೆ ತಗ್ಗಿಸಿ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅದನ್ನು ಅಂದು ನೋಡಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನಗೆ ಕಂಡದ್ದು ನನಗಾದ ಅವಮಾನ ಮಾತ್ರ. ಮಾತು ಆಡಿದವರು ಪಂಡಿತರು. ಆದರೆ ಪಂಡಿತರ ಮೇಲೆ ಸೇಡು ತೀರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಯಾರ ಮೇಲೆ ತೀರಿಸಿಕೊಳ್ಳಬಹುದೋ ಅವರನ್ನು ಆರಿಸಿಕೊಂಡೆ.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಪದ್ಧತಿಯಿತ್ತು. ಮುಖ್ಯೋಪಾಧ್ಯಾಯರು ಇಂಗ್ಲಿಷಿನಲ್ಲಿ ವರದಿ ಓದಿ, ಬಹುಮಾನಗಳ ವಿತರಣೆ ಮುಗಿದ ಮೇಲೆ, ಸುದ್ದಿ ಹಲಗೆ ಬರೆಯುವ ಹುಡುಗ 'ವರ್ಷದ ಸುದ್ದಿ' ಓದಬೇಕು. ಮಳೆಗಾಲದಲ್ಲಿ ಯಾವ ಕೊಠಡಿ ಸೋರಿತು, ದೇವನಹಳ್ಳಿಯ ಹುಡುಗರ ಕೈಯಲ್ಲಿ ಫುಟ್ಬಾಲ್ ಹೇಗೆ ಸೋತೆವು, ಘಾಟಿಯ ದನಗಳ ಪರಿಷೆಯ ವಾರ ತರಗತಿಗಳು ಹೇಗೆ ಬರಿದಾದವು, ಯುದ್ಧ ಮುಗಿದ ದಿನ ಹಂಚಿದ ಸಕ್ಕರೆ ಯಾರಿಗೆ ಸಿಕ್ಕಲಿಲ್ಲ, ಹೀಗೆ. ಸುದ್ದಿಯ ಕೊನೆಗೆ ಶಾಲೆ ಬಿಟ್ಟು ಹೋಗುವವರಿಗೆ ಒಬ್ಬೊಬ್ಬರಿಗೂ ಒಂದು ತಮಾಷೆಯ ಬಿರುದು, ಬಿರುದಿಗೆ ತಕ್ಕ ಒಂದು ಪೊಟ್ಟಣ. ಹೆಸರು ಕರೆದವರು ವೇದಿಕೆ ಹತ್ತಿ ಮುಖ್ಯ ಅತಿಥಿಗಳ ಕೈಯಿಂದ ಪೊಟ್ಟಣ ಪಡೆದು, ಎಲ್ಲರೆದುರಿಗೆ ಬಿಚ್ಚಿ ತೋರಿಸಬೇಕು. ಬಿರುದುಗಳ ಪಟ್ಟಿ ಮಾಡುವುದೂ, ಪೊಟ್ಟಣ ಕಟ್ಟುವುದೂ ನನ್ನ ಪಾಲಿನ ಕೆಲಸ. ಪಟ್ಟಿಯನ್ನು ಪಂಡಿತರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾಗಿತ್ತು.

ಆ ಹುಡುಗಿಯನ್ನು ಬಿರುದಿನ ಪಟ್ಟಿಯಿಂದ ಬಿಡಬೇಕೆಂಬುದು ಪಂಡಿತರ ಅಭಿಪ್ರಾಯವಾಗಿತ್ತು. ಬಹುಮಾನವನ್ನೂ ಸಭೆಗೆ ಕರೆಯದೆ ಮನೆಗೇ ಕಳಿಸುವುದೆಂದು ಅವಳ ತಂದೆಯೊಡನೆ ಮಾತಾಗಿತ್ತು. ಆಗ ನಾನು ವಾದಿಸಿದೆ. ಹೇಗೆ ವಾದಿಸಿದೆ ಎಂಬುದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಎಲ್ಲರಿಗೂ ಕೊಟ್ಟು ಒಬ್ಬಳಿಗೆ ಕೊಡದಿದ್ದರೆ ಅದು ಭೇದವಾಗುತ್ತದೆ, ಹೆಣ್ಣೆಂಬ ಕಾರಣಕ್ಕೆ ಅವಳನ್ನು ಶಾಲೆಯವಳಲ್ಲ ಎಂದಂತಾಗುತ್ತದೆ, ಮೂರು ವರ್ಷ ನಮ್ಮೊಡನೆ ಓದಿದವಳಿಗೆ ಕೊನೆಯ ದಿನ ಈ ಅನ್ಯಾಯವೇ ಎಂದು ಕೇಳಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಒಂದು ಮಾತನ್ನೂ ಅವಳಿಗಾಗಿ ಆಡಿದ್ದಲ್ಲ.

ಪಂಡಿತರು, "ನೀನು ಹೇಳೋದು ನ್ಯಾಯ ಕಣಯ್ಯ. ಬಿರುದು ಏನು?" ಎಂದರು.

ಶ್ರದ್ಧಾದೇವಿ ಎಂದು ಬರೆದಿದ್ದ ಸಾಲನ್ನು ತೋರಿಸಿದೆ. ತಮ್ಮದೇ ಮಾತನ್ನು ನಾನು ಸಿಟ್ಟಿಲ್ಲದೆ ಎತ್ತಿಕೊಂಡಿದ್ದೇನೆಂದು ಅವರಿಗೆ ಸಂತೋಷವಾಯಿತು. ನನ್ನ ಬೆನ್ನು ತಟ್ಟಿದರು. ಪೊಟ್ಟಣದಲ್ಲಿ ಏನೆಂದು ಕೇಳಿದರು. ಒಳ್ಳೆಯದೇ ಇದೆ ಎಂದೆ. ಕಲ್ಲುಸಕ್ಕರೆಯೋ ಕುಂಕುಮವೋ ಇರಬೇಕೆಂದುಕೊಂಡು ಮುಂದಿನ ಸಾಲಿಗೆ ಹೋದರು. ತಾವೇ ಅವಳ ತಂದೆಯ ಬಳಿಗೆ ಹೋಗಿ, ಮುಖ್ಯ ಅತಿಥಿಗಳಾಗಿ ಬರುವ ತಾಲ್ಲೂಕಿನ ಅಮಲ್ದಾರರ ಕೈಯಿಂದ ಗೌರವ ಸಿಗುವಾಗ ಇಲ್ಲವೆನ್ನಬಾರದೆಂದು ಹೇಳಿ ಒಪ್ಪಿಸಿದರು.

ಉತ್ಸವದ ದಿನ ಬೆಳಗ್ಗೆ ನಮ್ಮ ಮನೆಯ ಒಲೆಯಿಂದ ಒಂದು ಹಿಡಿ ಬೂದಿ ತೆಗೆದು ಕಾಗದದಲ್ಲಿ ಕಟ್ಟಿದೆ. ಮೇಲೆ ನನ್ನ ಅತ್ಯಂತ ಅಂದವಾದ ಅಕ್ಷರದಲ್ಲಿ 'ಶ್ರದ್ಧಾದೇವಿ' ಎಂದು ಬರೆದೆ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು, ಇದು ಸಮರ್ಥನೆಯಲ್ಲ. ನೇಯ್ಗೆಯ ಮನೆಯಲ್ಲಿ ಹುಟ್ಟಿದವನಿಗೆ ಬೂದಿ ಅಶುಭವೆಂದು ತೋರುವುದಿಲ್ಲ. ಲಾಳಿ ಹೇಗೋ, ಕಂಡಿಕೆ ಹೇಗೋ, ಹಾಗೆ ಬೂದಿಯ ಬಟ್ಟಲು. ಅದನ್ನು ತುಳಿದರೆ ಅಮ್ಮ ಕಣ್ಣಿಗೊತ್ತಿಕೊಳ್ಳಲು ಹೇಳುತ್ತಿದ್ದಳು. ಆ ಹುಡುಗಿ ಕೂಲಿಗೆ ಅಚ್ಚು ಕೆಚ್ಚುವವಳು ಎಂಬುದನ್ನು ಅಮಲ್ದಾರರ ಎದುರು, ವಕೀಲರ ಹೆಂಡತಿಯರ ಎದುರು ಬಯಲು ಮಾಡಬೇಕು, ಆ ಬೆರಳುಗಳು ಎಲ್ಲಿಂದ ಬಂದವೆಂದು ಸಭೆ ನೋಡಬೇಕು, ಅಷ್ಟೇ ನನ್ನ ಉದ್ದೇಶ. ಅಷ್ಟೇ ಎಂದು ಬರೆದೆ, ಅದೇನು ಸಣ್ಣದಲ್ಲ. ನಾನೂ ಅದೇ ಬೂದಿಯ ಮನೆಯವನು ಎಂಬುದನ್ನು ಸಭೆ ಆ ಹೊತ್ತಿಗೆ ಮರೆತಿರುತ್ತದೆ ಎಂಬ ಆಸೆಯೂ ಅದರೊಳಗಿತ್ತು. ಮದುವೆಯಾಗಬೇಕಾದ ಹೆಣ್ಣುಮಗಳ ಕೈಗೆ ತುಂಬಿದ ಸಭೆಯಲ್ಲಿ ಒಲೆಯ ಬೂದಿ ಕೊಟ್ಟರೆ ಬೇರೆ ಮನೆಗಳವರು ಅದನ್ನು ಹೇಗೆ ಕಾಣುತ್ತಾರೆ ಎಂಬ ಯೋಚನೆ ಮಾತ್ರ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಎಲ್ಲವನ್ನೂ ಮೂರು ಸಲ ಪರೀಕ್ಷಿಸುವವನು ಇದೊಂದನ್ನು ಪರೀಕ್ಷಿಸಲಿಲ್ಲ.

ಆ ದಿನಗಳಲ್ಲಿ ಸೀಮೆಎಣ್ಣೆ ಸಿಕ್ಕುತ್ತಿರಲಿಲ್ಲ. ಹಾಗಾಗಿ ಉತ್ಸವವನ್ನು ಮಧ್ಯಾಹ್ನವೇ ಇಟ್ಟಿದ್ದರು. ಶಾಲೆಯ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ, ವೇದಿಕೆಯ ಮೇಲೆ ಮಹಾರಾಜರ ಪಟ, ಅದಕ್ಕೆ ಸೇವಂತಿಗೆ ಹಾರ. ರಾಜಘಟ್ಟದಿಂದ, ತೂಬಗೆರೆಯಿಂದ ಹುಡುಗರ ಮನೆಯವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಬಲಗಡೆ ಹೆಂಗಸರು, ಎಡಗಡೆ ಗಂಡಸರು. ಅವಳ ತಂದೆ ಒಗೆದು ಮಡಿಸಿಟ್ಟಿದ್ದ ರುಮಾಲು ಸುತ್ತಿಕೊಂಡು ತಮ್ಮನನ್ನೂ ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಓದು ಬೇಡವೆಂದ ತಮ್ಮನಿಗೆ ಮಗಳ ಮರ್ಯಾದೆಯನ್ನು ತೋರಿಸಲೆಂದೇ ಕರೆತಂದಿದ್ದರೆಂದು ಆಮೇಲೆ ತಿಳಿಯಿತು.

ವರ್ಷದ ಸುದ್ದಿ ಚೆನ್ನಾಗಿ ನಡೆಯಿತು. ಜನ ನಕ್ಕರು. ತೂಬಗೆರೆಯ ರೈತರ ಮನೆಯ ಹುಡುಗನೊಬ್ಬನಿಗೆ 'ಮುದ್ದೆ ಮಲ್ಲ' ಎಂಬ ಬಿರುದು. ಪೊಟ್ಟಣದಲ್ಲಿ ಹಿಟ್ಟು ತೊಳಸುವ ಕೋಲು. ಅವನು ಅದನ್ನು ಗದೆಯಂತೆ ಹೆಗಲಿಗೇರಿಸಿ ವೇದಿಕೆಯ ಮೇಲೆ ಎರಡು ಸುತ್ತು ಹೊಡೆದ. ಅವನ ಅಜ್ಜಿ ಕೆಳಗಿನಿಂದಲೇ, "ಕೋಲು ಮನೆಗ್ ತಾರ್ಲಾ, ನಮ್ದು ಮುರ್ದೋಗದೆ," ಎಂದಾಗ ಅಮಲ್ದಾರರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ವಕೀಲರ ಮಗನಿಗೆ 'ಕ್ರಾಪು ಕುಮಾರ', ಹಲ್ಲು ಮುರಿದ ಬಾಚಣಿಗೆ. ಅವನ ಮುಖ ಕೆಂಪಾದದ್ದನ್ನು ನಾನು ತೃಪ್ತಿಯಿಂದ ನೋಡಿದೆ.

ಆಮೇಲೆ ಅವಳ ಹೆಸರು ಕರೆದೆ.

ಅವಳು ಹೆಂಗಸರ ಸಾಲಿನಿಂದ ಎದ್ದು ಬಂದಳು. ನೀಲಿ ಅಂಚಿನ ಸೀರೆ. ಅವಳ ತಂದೆ ನೇಯ್ದದ್ದೇ ಇರಬೇಕು. ಬಿರುದನ್ನು ಓದಿದಾಗ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಅವಳ ತಂದೆ ತಮ್ಮನ ಕಡೆ ತಿರುಗಿದ್ದನ್ನು ಕಂಡೆ. ಅಮಲ್ದಾರರು ಪೊಟ್ಟಣ ಕೊಟ್ಟರು. ಅವಳು ದಾರ ಬಿಚ್ಚಿದಳು.

ಮಧ್ಯಾಹ್ನದ ಗಾಳಿ ಬೀಸುತ್ತಿತ್ತು. ಕಾಗದ ತೆರೆದುಕೊಂಡದ್ದೇ ಬೂದಿ ಎದ್ದು ಅವಳ ಸೀರೆಯ ಮೇಲೆ, ಮುಖದ ಮೇಲೆ, ಅಮಲ್ದಾರರ ಕೋಟಿನ ತೋಳಿನ ಮೇಲೆ ಕೂತಿತು. ಮುಂದಿನ ಸಾಲಿನ ಇಬ್ಬರು ಹುಡುಗರು ನಕ್ಕು, ಬೇರಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದರು. ಹೆಂಗಸರ ಕಡೆಯಿಂದ ಒಬ್ಬ ಮುದುಕಿಯ ದನಿ ಕೇಳಿತು. ದೊಡ್ಡದಾಗಿ ಆಡಿದ ಮಾತಲ್ಲ, ಆದರೆ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು: "ಮದ್ವೆ ಆಗ್ಬೇಕಾದ್ ಹೆಣ್ಮಗೀಗೆ ಬೂದಿ ಕೊಡ್ತಾರೇನ್ರವ್ವ."

ಅವಳು ಅಳಲಿಲ್ಲ. ಕಾಗದದ ಮೂಲೆಗಳನ್ನು ಒಳಗೆ ಮಡಿಸಿ, ಉಳಿದ ಬೂದಿ ಚೆಲ್ಲದಂತೆ ಎರಡು ಸಲ ತಟ್ಟಿ, ದಾರ ಮತ್ತೆ ಸುತ್ತಿದಳು. ನಮ್ಮ ಮನೆಗಳಲ್ಲಿ ಬೂದಿಯನ್ನು ಹಾಗೆಯೇ ಕಟ್ಟುತ್ತಾರೆ. ಅಮಲ್ದಾರರಿಗೆ ಕೈಮುಗಿದು ಮೆಟ್ಟಿಲಿಳಿದಳು. ಅವಳ ತಂದೆ ಎದ್ದು ನಿಂತಿದ್ದರು. ಮೂವರೂ ಚಪ್ಪರದ ಪಕ್ಕದಿಂದ ಹೊರಟುಹೋದರು. ಮುಂದೆ ಚಿಕ್ಕಪ್ಪ, ನಡುವೆ ತಂದೆ, ಹಿಂದೆ ಅವಳು.

ಮುಖ್ಯೋಪಾಧ್ಯಾಯರು ಸಂಸ್ಥಾನದ ಗೀತೆ ಹಾಡಿಸಿ ಸಭೆ ಮುಗಿಸಿದರು. ನನಗಾಗಿ ಹುಡುಗರು ಗುಟ್ಟಾಗಿ ಒಂದು ಪೊಟ್ಟಣ ಕಟ್ಟಿದ್ದರಂತೆ: ಬಿರುದು 'ನಾಗರ ನೆನಪು', ಒಳಗೆ ಒಂದು ಪಡವಲಕಾಯಿ. ಅದನ್ನು ಬಿಚ್ಚುವ ಹೊತ್ತು ಬರಲೇ ಇಲ್ಲ. ಆ ದಿನ ಸಭೆಯಲ್ಲಿ ಅವಮಾನವಾಗದೆ ಉಳಿದವನು ನಾನೊಬ್ಬನೇ.

ಬೂದಿ ಯಾರ ಕೆಲಸವೆಂದು ಪಂಡಿತರು ನನ್ನನ್ನು ಕೇಳಿದರು. ಪೊಟ್ಟಣಗಳನ್ನೆಲ್ಲ ಹಿಂದಿನ ಕೊಠಡಿಯಲ್ಲಿಟ್ಟಿದ್ದೆ, ಯಾರೋ ಬದಲಿಸಿರಬೇಕು ಎಂದೆ. ವಕೀಲರ ಮಗನ ಹೆಸರನ್ನು ಹೇಳಲಿಲ್ಲ. ಆದರೆ ಅವನು ಬಾಚಣಿಗೆಯಿಂದ ಸಿಟ್ಟಾಗಿದ್ದ ಎಂದು ಹೇಳಿದೆ. ಪಂಡಿತರು ನಂಬಿದರೋ ಇಲ್ಲವೋ ತಿಳಿಯದು. ಮರುದಿನ ಬೆಳಗ್ಗೆ ನನ್ನನ್ನು ಕರೆದು, ನಿಮ್ಮ ಬೀದಿಯ ಮನೆಯಲ್ಲವೇ, ಜೊತೆಗೆ ಬಾ ಎಂದರು.

ನಾನು ಹೋದೆ. ಪಂಡಿತರು ಅವಳ ಮನೆಯ ಹೊಸಿಲಾಚೆಯೇ ನಿಂತರು. ನಾನು ಅವರ ಹಿಂದೆ. ಒಳಗೆ ಮಗ್ಗ ನಿಂತಿತ್ತು. ಅವಳು ಕಾಣಲಿಲ್ಲ. ಪಂಡಿತರು, ಒಪ್ಪಿಗೆ ಕೊಟ್ಟವನು ನಾನು, ತಪ್ಪು ನನ್ನದು, ಪರೀಕ್ಷೆಗೆ ಮಾತ್ರ ಕಳಿಸಿಕೊಡಿ ಎಂದು ಅವಳ ತಂದೆಯನ್ನು ಕೇಳಿದರು. ಆ ವಯಸ್ಸಿನವರು, ಆ ವಿದ್ಯೆಯವರು, ತಮಗಿಂತ ಕಿರಿಯನಾದ ಒಬ್ಬ ನೇಕಾರನಿಗೆ ಕೈಮುಗಿದರು. ಅಂಥ ಕೈಗಳ ಹಿಂದೆ ನಾನು ನಿಂತಿದ್ದೆ.

ಚಿಕ್ಕಪ್ಪ ಮಗ್ಗದ ಗುಂಡಿಯಿಂದ ಏಳದೆಯೇ ಹೇಳಿದ: "ಓದಿಸಿದ್ರೆ ಏನು ಸಿಗುತ್ತೆ ಅಂತ ಊರೆಲ್ಲಾ ನೋಡ್ತಲ್ಲ ಸ್ವಾಮಿ. ಪೊಟ್ಟಣ ಕಟ್ಟಿ ಕೊಟ್ರಲ್ಲ."

ಅವಳ ತಂದೆ ತಮ್ಮನನ್ನು ಸುಮ್ಮನಿರಿಸಿದರು. ಪಂಡಿತರ ಕಡೆ ನೋಡದೆ, "ನೀವು ದೊಡ್ಡೋರು, ಕೈ ಮುಗೀಬೇಡಿ. ನಂದೊಂದು ಮಾತಿತ್ತು ಮನೇಲಿ. ನಿನ್ನೆಯಿಂದ ಸಂತೆಪೇಟೆವರೆಗೂ ಅವಳ ಹೆಸರೇ. ಇನ್ನು ಆಗಲ್ಲ ಸ್ವಾಮಿ," ಎಂದರು.

ಆಗ ಒಂದು ಮಾತು ಆಡಬಹುದಾಗಿತ್ತು. ಬೂದಿ ಕಟ್ಟಿದವನು ಇದೇ ಬೀದಿಯ, ಇದೇ ಕಸುಬಿನ ಹುಡುಗ, ಹೊಟ್ಟೆಕಿಚ್ಚಿನಿಂದ ಕಟ್ಟಿದ, ಇದರಲ್ಲಿ ಅವಳ ಪಾಲು ಏನೂ ಇಲ್ಲ ಎಂದಿದ್ದರೆ ಜನರ ಬಾಯಲ್ಲಿ ಅವಳ ಹೆಸರಿನ ಬದಲು ನನ್ನ ಹೆಸರು ಬರುತ್ತಿತ್ತು. ಅಪ್ಪ ನನ್ನ ಚರ್ಮ ಸುಲಿಯುತ್ತಿದ್ದರು, ಶಾಲೆಯಿಂದ ತೆಗೆಯುತ್ತಿದ್ದರೇನೋ. ಅವಳು ಪರೀಕ್ಷೆ ಬರೆಯುತ್ತಿದ್ದಳೇ ಎಂದು ಖಚಿತವಾಗಿ ಹೇಳಲಾರೆ. ಬರೆಯಬಹುದಾಗಿತ್ತು. ನಾನು ಪಂಡಿತರ ಉತ್ತರೀಯದ ಅಂಚಿನ ಕೆಂಪು ಗೆರೆಗಳನ್ನು ಎಣಿಸುತ್ತ ನಿಂತೆ. ಮೂರು ಗೆರೆಗಳಿದ್ದವು.

ಪರೀಕ್ಷೆಗೆ ನಮ್ಮ ಶಾಲೆಯೇ ಕೇಂದ್ರವಾಗಿತ್ತು. ಡೆಸ್ಕುಗಳ ಮೇಲೆ ನಂಬರು ಅಂಟಿಸಿದ್ದರು. ಬಾಗಿಲ ಬಳಿ, ಮೇಜಿಗೆ ತಾಗಿದಂತೆ ಒಂದೇ ಒಂದು ಡೆಸ್ಕನ್ನು ಪ್ರತ್ಯೇಕವಾಗಿ ಹಾಕಿ ಅವಳ ನಂಬರನ್ನೂ ಅಂಟಿಸಿದ್ದರು. ಗಂಟೆ ಹೊಡೆದು ಅರ್ಧ ಗಂಟೆಯಾದ ಮೇಲೆ ಮೇಲ್ವಿಚಾರಕರು ಅಲ್ಲಿಟ್ಟಿದ್ದ ಉತ್ತರ ಪತ್ರಿಕೆಯನ್ನು ಎತ್ತಿಕೊಂಡರು. ಮೊದಲ ದಿನ ಕನ್ನಡ. ಪ್ರಬಂಧಕ್ಕೆ ಕೊಟ್ಟಿದ್ದ ಮೂರು ವಿಷಯಗಳಲ್ಲಿ ಒಂದು 'ನೀವು ನೋಡಿದ ಒಂದು ಸಮಾರಂಭ'. ನಾನು ಅದನ್ನೇ ಬರೆದೆ. ವರ್ಷದ ಸುದ್ದಿಗಾಗಿ ತಿಂಗಳುಗಟ್ಟಲೆ ಮಾಡಿಕೊಂಡಿದ್ದ ವಾಕ್ಯಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಚಪ್ಪರ, ಪಟ, ಹಾರ, ಮುದ್ದೆ ಕೋಲು, ಅಮಲ್ದಾರರ ನಗು, ಎಲ್ಲವನ್ನೂ ಬರೆದೆ. ಒಂದು ಕಾಟೂ ಹೊಡೆಯಲಿಲ್ಲ.

ಮನೆಗೆ ಬಂದರೆ ಅವಳು ನಮ್ಮ ನಡುಮನೆಯಲ್ಲಿ ಕೂತಿದ್ದಳು.

ಅಪ್ಪನ ಮಗ್ಗದ ಹಾಸು ಮುಗಿದಿತ್ತು. ಅಮ್ಮ ಕೆಚ್ಚಲು ಕರೆದಿದ್ದಳು. ಈಗ ಶಾಲೆಯಿಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೂ ಬರುತ್ತಾಳೆ ಎಂದು ಅಮ್ಮನಿಗೆ ಅನುಕೂಲವೇ ಆಗಿತ್ತು. ಮಗ್ಗದ ಹಿಂದೆ ಹಳೆಯ ಎಳೆಗಳು ಒಂದು ಕಡೆ, ಹೊಸ ಎಳೆಗಳು ಒಂದು ಕಡೆ, ನಡುವೆ ಅವಳು. ಎದುರಿನ ಗೋಡೆಗೆ ಒರಗಿಸಿದ ಪುಸ್ತಕ ಇರಲಿಲ್ಲ. ಅಮ್ಮ ಒಳಗಿನಿಂದ, ಬಟ್ಟಲಲ್ಲಿ ಬೂದಿ ಮುಗೀತಂತೆ, ಸೋಸಿಟ್ಟಿದ್ದೀನಿ, ತಗೊಂಡು ಹೋಗಿ ಕೊಡು ಎಂದಳು.

ನಾನು ಕೊಟ್ಟೆ. ಕೈಗೆ ಕೊಡಲಿಲ್ಲ, ಆ ವಕೀಲರು ನನಗೆ ಮಾಡಿದ ಹಾಗೆಯೇ ನೆಲದ ಮೇಲಿಟ್ಟು ಹಿಂದೆ ಸರಿದೆ. ಅವಳು ಬೆರಳದ್ದಿ, ಹೊಸೆದು ನೋಡಿದಳು.

"ಇದು ನಯವಾಗಿದೆ ಅಣ್ಣ," ಎಂದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವತ್ತಿನದ್ರಲ್ಲಿ ಇದ್ದಿಲ ಚೂರಿತ್ತು. ಎಳೆ ಕಿತ್ತುಹೋಗ್ತಿತ್ತು. ನಾನೇ ಸೋಸ್ಕೊಂಡೆ."

ನಾಲ್ಕೈದು ಎಳೆ ಹೊಸೆದ ಮೇಲೆ, "ಪೊಟ್ಟಣದ ಮೇಲೆ ಅಕ್ಷರ ಮಾತ್ರ ಚೆನ್ನಾಗಿತ್ತು," ಎಂದಳು. ಎರಡು ವರ್ಷ ದಿನಾ ಬೆಳಗ್ಗೆ ನಾನು ಬರೆದ ಸುದ್ದಿ ಹಲಗೆಯ ಮುಂದಿನಿಂದ ಹಾದುಹೋದವಳು. ಅವಳಿಗೆ ಮೊದಲ ಕ್ಷಣದಿಂದಲೂ ತಿಳಿದಿತ್ತು. ತಂದೆಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ನಮ್ಮ ಮನೆಗೆ ಬಂದು ಕೇಳದೆ ಬಿಡುತ್ತಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ. ಕೇಳಿದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಅವಳು ಪ್ರಶ್ನೆಪತ್ರಿಕೆ ಇದೆಯೇ ಎಂದು ಕೇಳಿದಳು. ಜೇಬಿನಿಂದ ತೆಗೆದು ಈ ಸಲ ಕೈಗೇ ಕೊಟ್ಟೆ. ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದೆರಡು ಕಡೆ ತುಟಿ ಅಲುಗಿತು. ಪದ್ಯದ ಪ್ರಶ್ನೆಯ ಬಳಿ ತಲೆಯಾಡಿಸಿದಳು. ಓದಿ ಮುಗಿಸುವ ಹೊತ್ತಿಗೆ ಹಾಳೆಯ ಎಡದಂಚಿನಲ್ಲಿ ಅವಳ ಹೆಬ್ಬೆರಳು ಮೂಡಿತ್ತು.

"ಪ್ರಬಂಧ ಯಾವುದು ಬರೆದೆ?"

ಸಮಾರಂಭದ್ದು ಎಂದೆ.

"ನಮ್ಮ ಶಾಲೇದಾ?"

ಹೌದೆಂದೆ.

"ಎಲ್ಲಾ ಬರೆದ್ಯಾ ಅಣ್ಣ?"

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಅದನ್ನು ನನ್ನ ಅವಮಾನಗಳ ಪಟ್ಟಿಗೆ ಸೇರಿಸಿ ಇಷ್ಟು ವರ್ಷ ಸುಖವಾಗಿರುತ್ತಿದ್ದೆ. ಜೊತೆಯಲ್ಲಿ ಓದಿದವಳು, ಪ್ರಶ್ನೆಗೆ ಪೂರ್ತಿ ಉತ್ತರ ಬರೆದೆಯಾ ಎಂದು ಕೇಳುವ ಹಾಗೆ ಕೇಳಿದಳು.

"ಸಮಯ ಸಾಲಲಿಲ್ಲ," ಎಂದೆ.

ಅವಳು ಹೂಂ ಎಂದು ಪತ್ರಿಕೆ ಹಿಂದಿರುಗಿಸಿ, ಬೂದಿಯಲ್ಲಿ ಬೆರಳದ್ದಿ ಮುಂದಿನ ಎಳೆ ಹಿಡಿದಳು. ಅವಳು ಆ ಹಾಸನ್ನು ಮರುದಿನ ಸಂಜೆಗೆ ಮುಗಿಸಿದಳು. ಅಪ್ಪ ನೇಯುವಾಗ ಅವಳು ಹೊಸೆದ ಕಡೆ ಒಂದು ಎಳೆಯೂ ಬಿಟ್ಟುಕೊಳ್ಳಲಿಲ್ಲವೆಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಮರುವರ್ಷ ಅವಳನ್ನು ಹಿಂದೂಪುರದ ಕಡೆಯ ನೇಯ್ಗೆಯ ಮನೆಗೆ ಕೊಟ್ಟರು. ಕನ್ನಡದಲ್ಲಿ ನನಗೆ ಶಾಲೆಗೇ ಹೆಚ್ಚು ಅಂಕ ಬಂತು. ಮುಂದಿನ ಉತ್ಸವದ ವರದಿಯಲ್ಲಿ ಮುಖ್ಯೋಪಾಧ್ಯಾಯರು ಮೊದಲ ಬಾರಿಗೆ ನನ್ನ ಹೆಸರೆತ್ತಿದರಂತೆ. ನಾನು ಹೋಗಿರಲಿಲ್ಲ.

ಸಮಯ ಸಾಕಷ್ಟಿತ್ತು. ಅದನ್ನಾದರೂ ಸರಿಯಾಗಿ ಬರೆಯಬೇಕು. ಕೊನೆಯ ಗಂಟೆ ಹೊಡೆಯುವುದಕ್ಕೆ ಕಾಲು ಗಂಟೆ ಮೊದಲೇ ನಾನು ಬರೆದು ಮುಗಿಸಿ, ಪೆನ್ನಿನ ಮೂತಿ ಮುಚ್ಚಿ, ಬಾಗಿಲ ಬಳಿಯ ಆ ಡೆಸ್ಕನ್ನೂ ಅದರ ಮೇಲೆ ಅಂಟಿಸಿದ್ದ ನಂಬರನ್ನೂ ನೋಡುತ್ತ ಕೂತಿದ್ದೆ.